ಇಇವಿ: ರಾಜರ ಹೊದಿಕೆಗೆ ಬಣ್ಣ ಕೊಟ್ಟ ಹಕ್ಕಿ, ಅದನ್ನು ಬೆಟ್ಟದ ನೆತ್ತಿಗೆ ಅಟ್ಟಿದ ಸೊಳ್ಳೆ

ಹವಾಯಿಯ ಬೆಟ್ಟಕಾಡಿನಲ್ಲಿ ಇಇವಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹಾರುವಾಗ ಅದರ ರೆಕ್ಕೆ ಬುರ್ರೆಂದು ಸದ್ದು ಮಾಡುತ್ತದೆ. ಕೂತ ಮೇಲೆ ಬರುವ ಕೂಗು ಎಣ್ಣೆ ಕಾಣದ ಬಾಗಿಲ ತಿರುಗಣಿಯ ಹಾಗೆ ಕಿರ್ರೆನ್ನುತ್ತದೆ. ಮೈಯೆಲ್ಲ ಕಿತ್ತಳೆಯ ಕಡೆಗೆ ತುಸು ವಾಲಿದ ಉಜ್ವಲ ಕೆಂಪು, ರೆಕ್ಕೆ ಮತ್ತು ಬಾಲ ಕಪ್ಪು, ರೆಕ್ಕೆಯ ಒಳಬದಿಯಲ್ಲಿ ಚಿಕ್ಕದೊಂದು ಬಿಳಿ ಮಚ್ಚೆ, ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಉದ್ದನೆಯ ಕಿತ್ತಳೆಗೆಂಪು ಕೊಕ್ಕು. ಉದ್ದ ಸುಮಾರು 15 ಸೆಂ.ಮೀ., ತೂಕ 20 ಗ್ರಾಂ ಆಸುಪಾಸು. ಎಳೆಹಕ್ಕಿಯ ಬಣ್ಣವೇ ಬೇರೆ: ಹಳದಿ ಮೈ, ಅದರ ಮೇಲೆ ಕಪ್ಪು ಚುಕ್ಕೆ, ಮಂಕು ಕೊಕ್ಕು. ಹಿಂದಿನ ಕಾಲದ ಪಕ್ಷಿತಜ್ಞರು ಮರಿಯನ್ನು ಬೇರೆಯದೇ ಜಾತಿಯೆಂದು ಎಣಿಸಿದ್ದೂ ಉಂಟು.

ಹೆಸರು ಹವಾಯಿ ಭಾಷೆಯದು. ಎರಡು ‘ಇ’ಗಳ ನಡುವೆ ಗಂಟಲನ್ನು ಒಂದು ಕ್ಷಣ ಬಿಗಿಹಿಡಿದು ‘ಇ-ಇವಿ’ ಎನ್ನಬೇಕು. ‘ಈವಿ’ ಎಂದು ಎಳೆದರೆ ತಪ್ಪಾಗುತ್ತದೆ. ವಿಜ್ಞಾನಿಗಳು ಈಗ ಕರೆಯುವುದು ಡ್ರೆಪಾನಿಸ್ ಕಾಕ್ಸಿನಿಯಾ ಎಂದು. ಬಹುಕಾಲ ಬಳಕೆಯಲ್ಲಿದ್ದ ಹಳೆಯ ಹೆಸರು ವೆಸ್ಟಿಯಾರಿಯಾ. ಅದು ಉಡುಪಿಗೆ ಸಂಬಂಧಿಸಿದ ಲ್ಯಾಟಿನ್ ಪದದಿಂದ ಬಂದದ್ದು. ಈ ಹಕ್ಕಿಯ ಗರಿಯಿಂದಲೇ ಹವಾಯಿಯ ಅರಸರ ಉಡುಪು ಆಗುತ್ತಿದ್ದುದರಿಂದ ಆ ಹೆಸರು.

ಆದರೆ ಇಂದು ಇಇವಿಯ ಬದುಕು ನಿಂತಿರುವುದು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬ ಒಂದೇ ಲೆಕ್ಕದ ಮೇಲೆ. ಒಂದು ಕಾಲಕ್ಕೆ ಕಡಲ ದಂಡೆಯಿಂದ ಬೆಟ್ಟದ ಮೇಲಿನವರೆಗೆ ಎಲ್ಲ ದೊಡ್ಡ ದ್ವೀಪಗಳಲ್ಲೂ ಹೇರಳವಾಗಿದ್ದ ಹಕ್ಕಿ ಈಗ ಬಹುಮಟ್ಟಿಗೆ 1,500 ಮೀಟರ್‌ಗಿಂತ ಮೇಲಿನ ಕಾಡಿಗೆ ಸೀಮಿತ. ಕೆಳಗೆ ಹೂವಿದೆ, ಮರವಿದೆ, ಹಕ್ಕಿ ಮಾತ್ರ ಇಲ್ಲ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಕೊಕ್ಕಿನಿಂದಲೇ ಶುರು ಮಾಡಬೇಕು.

ಸೂರಕ್ಕಿಯಂತೆ ಕಾಣುವ, ಸೂರಕ್ಕಿಯಲ್ಲದ ಹಕ್ಕಿ

ದಾಸವಾಳಕ್ಕೆ ಬರುವ ನಮ್ಮ ಸೂರಕ್ಕಿಯನ್ನು ನೋಡಿದವರಿಗೆ ಇಇವಿಯ ಚಿತ್ರ ಕಂಡಕೂಡಲೇ ಇದೂ ಅದೇ ಬಳಗದ್ದೆನ್ನಿಸುತ್ತದೆ. ಬಾಗಿದ ಕೊಕ್ಕು, ಮಕರಂದದ ಚಟ, ಹೂವಿಗಾಗಿ ಜಗಳ, ಎಲ್ಲವೂ ಒಂದೇ ಥರ. ರಕ್ತಸಂಬಂಧ ಮಾತ್ರ ಇಲ್ಲ. ಇಇವಿ ಕಾಳು ತಿನ್ನುವ ಫಿಂಚ್ ಹಕ್ಕಿಗಳ ಕುಟುಂಬದ್ದು. ಅದರ ಹತ್ತಿರದ ನೆಂಟರು ಏಷ್ಯಾದ ರೋಸ್‌ಫಿಂಚ್‌ಗಳು. ಚಳಿಗಾಲದಲ್ಲಿ ನಮ್ಮ ಪಶ್ಚಿಮಘಟ್ಟಕ್ಕೂ ಬಂದುಹೋಗುವ, ದಪ್ಪ ಮೊಂಡು ಕೊಕ್ಕಿನ ಹಕ್ಕಿಗಳವು. ಅಂಥ ಹಕ್ಕಿಗಳ ಒಂದು ಸಣ್ಣ ಗುಂಪು 50 ಲಕ್ಷ ವರ್ಷಕ್ಕೂ ಹಿಂದೆ ಸಾಗರ ದಾಟಿ ಹವಾಯಿ ದ್ವೀಪಗಳನ್ನು ಸೇರಿತು. ಅಲ್ಲಿ ಪೈಪೋಟಿಗೆ ಬೇರೆ ಹಕ್ಕಿಗಳು ಕಡಿಮೆ, ತಿನ್ನಲು ಬಗೆಬಗೆಯ ಆಹಾರ. ಒಂದೇ ಬೇರಿನಿಂದ 50ಕ್ಕೂ ಹೆಚ್ಚು ಜಾತಿಗಳು ಕವಲೊಡೆದವು. ಗಿಣಿಯಂಥ ಕೊಕ್ಕಿನಿಂದ ಕಾಯಿ ಒಡೆಯುವುದು ಒಂದು, ತೊಗಟೆ ಕೆದಕಿ ಹುಳು ಹೆಕ್ಕುವುದು ಇನ್ನೊಂದು, ಹೂವಿನ ಕೊಳವೆಗೆ ಕೊಕ್ಕು ತೂರಿಸುವುದು ಮತ್ತೊಂದು. ಹನಿಕ್ರೀಪರ್ ಎಂದು ಕರೆಯುವ ಈ ಬಳಗದಲ್ಲಿ ಬಹುಪಾಲು ಜಾತಿಗಳು ಈಗಾಗಲೇ ಅಳಿದುಹೋಗಿವೆ.

ಇಇವಿಯ ಕೊಕ್ಕು ಬಾಗಿರುವುದಕ್ಕೆ ಕಾರಣ ಲೊಬೀಲಿಯಾ ಬಳಗದ ಗಿಡಗಳು. ಅವುಗಳ ಹೂವು ಉದ್ದನೆಯ, ಬಾಗಿದ ಕೊಳವೆ. ಮಕರಂದ ಇರುವುದು ತೀರಾ ಬುಡದಲ್ಲಿ. ಕೊಳವೆಯ ಬಾಗಿಗೆ ಕೊಕ್ಕಿನ ಬಾಗು ಹೆಚ್ಚುಕಡಿಮೆ ಸರಿಹೊಂದುತ್ತದೆ. ಹಕ್ಕಿ ಕೊಕ್ಕು ತೂರಿಸಿದಾಗ ಹೂವಿನ ಮೇಲ್ತುದಿಯಲ್ಲಿರುವ ಪರಾಗ ಅದರ ಹಣೆಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ನಾಲಗೆ ಅಂಚುಗಳಲ್ಲಿ ಸುರುಳಿಗೊಂಡು ನಳಿಗೆಯಾಗಿದೆ, ತುದಿಯಲ್ಲಿ ಕುಂಚದಂತೆ ಸೀಳಿದೆ. ಮಕರಂದ ಅದರೊಳಗೆ ತಾನಾಗಿ ಏರುತ್ತದೆ.

ಮುಂದೆ ಲೊಬೀಲಿಯಾಗಳಿಗೇ ಕುತ್ತು ಬಂತು. ಯುರೋಪಿನವರು ತಂದುಬಿಟ್ಟ ದನ, ಆಡು, ಹಂದಿಗಳು ಈ ಮೆತ್ತನೆಯ ಗಿಡಗಳನ್ನು ಬುಡಸಮೇತ ಮೇಯ್ದವು. ಮುಳ್ಳಿಲ್ಲ, ವಿಷವಿಲ್ಲ, ಮೇಯುವ ಪ್ರಾಣಿಯೇ ಇಲ್ಲದ ದ್ವೀಪದಲ್ಲಿ ಗಿಡಕ್ಕೆ ಅವುಗಳ ಅಗತ್ಯವೇ ಬಿದ್ದಿರಲಿಲ್ಲ. ಹೂವು ಅಪರೂಪವಾದಾಗ ಇಇವಿ ಓಹಿಆ ಮರದ ಕಡೆಗೆ ತಿರುಗಿತು. ಓಹಿಆ ನಮ್ಮ ನೇರಳೆ, ಪೇರಳೆ, ಪನ್ನೇರಳೆಗಳ ಕುಟುಂಬದ ಮರ. ಪನ್ನೇರಳೆ ಹೂವನ್ನು ಕೆಂಪು ಬಣ್ಣದಲ್ಲಿ ಅದ್ದಿದಂತೆ ಎಂದು ಊಹಿಸಿಕೊಳ್ಳಿ: ದಳ ಲೆಕ್ಕಕ್ಕಿಲ್ಲ, ಕಾಣುವುದೆಲ್ಲ ಕೇಸರಗಳ ಚೆಂಡು. ಅದರಲ್ಲಿ ಮಕರಂದ ಬಟ್ಟಲಿನಲ್ಲಿಟ್ಟಂತೆ ತೆರೆದಿರುತ್ತದೆ, ಉದ್ದ ಕೊಕ್ಕಿನ ಲಾಭವೇನೂ ಇಲ್ಲ. ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಹಕ್ಕಿಗಳನ್ನೂ ಈಗಿನ ಹಕ್ಕಿಗಳನ್ನೂ ಅಳೆದು ಹೋಲಿಸಿದ, 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಇವಿಯ ಮೇಲಿನ ಕೊಕ್ಕು ಸ್ವಲ್ಪ ಗಿಡ್ಡವಾಗಿದೆ ಎಂದು ತೋರಿಸಿತು. ನೂರು ವರ್ಷದೊಳಗೆ ಆದ ಬದಲಾವಣೆ ಅದು.

ಓಹಿಆಕ್ಕೆ ಬಿದ್ದ ಈ ಗಂಟು ಇನ್ನೊಂದು ಅಭ್ಯಾಸವನ್ನೂ ತಂದಿತು, ಅದನ್ನು ನೆನಪಿಟ್ಟುಕೊಳ್ಳಬೇಕು. ಓಹಿಆ ಎಲ್ಲ ಎತ್ತರಗಳಲ್ಲೂ ಒಟ್ಟಿಗೆ ಅರಳುವುದಿಲ್ಲ. ಇಲ್ಲಿ ಮುಗಿಯುವಾಗ ಅಲ್ಲಿ ಶುರುವಾಗುತ್ತದೆ. ಮಕರಂದ ನಂಬಿದ ಹಕ್ಕಿ ಹೂವಿನ ಬೆನ್ನುಹತ್ತಿ ಬೆಟ್ಟದ ಮೇಲಕ್ಕೂ ಕೆಳಕ್ಕೂ ಹಾರಲೇಬೇಕು. ಬೆಟ್ಟದ ಮೇಲಿನ ಒಣಕಾಡಿನಲ್ಲಿ ಮಾಮನೆ ಎಂಬ ಹಳದಿ ಹೂವಿನ ಮರ ಅರಳಿದಾಗ ಅಲ್ಲಿಗೂ ಹೋಗುತ್ತದೆ. ಹೂಬಿಟ್ಟ ಮರದಲ್ಲಿ ಇಇವಿಯದೇ ದರ್ಬಾರು. ಜೊತೆಗೆ ಮೇಯಲು ಬಂದ ಅಪಪನೆ ಹಕ್ಕಿಗಳನ್ನು ಅಟ್ಟಿಬಿಡುತ್ತದೆ. ಮರಿಗಳಿಗೆ ಮಕರಂದವೊಂದೇ ಸಾಲದು, ಹುಳು ಮತ್ತು ಜೇಡ ಬೇಕು. ಗೂಡು ಸಾಮಾನ್ಯವಾಗಿ ಓಹಿಆದ ತುದಿಗೊಂಬೆಯಲ್ಲಿ, ಮೊಟ್ಟೆ ಎರಡು, ಕಾವು ಎರಡು ವಾರ, ಮರಿ ಗೂಡು ಬಿಡಲು ಮತ್ತೆ ಮೂರು ವಾರಕ್ಕೂ ಮಿಕ್ಕಿ. ಒಂದು ಜೋಡಿ ವರ್ಷಕ್ಕೆ ಬೆಳೆಸುವ ಮರಿಗಳು ಕೆಲವೇ. ಸತ್ತ ಹಕ್ಕಿಗಳ ಜಾಗ ಬೇಗ ತುಂಬುವುದಿಲ್ಲ.

ಅಹು ಉಲಾ: ಗರಿ ನೇಯ್ದ ಅಧಿಕಾರ

ಹವಾಯಿ ಭಾಷೆಯಲ್ಲಿ ‘ಅಹು’ ಎಂದರೆ ಹೊದಿಕೆ, ‘ಉಲಾ’ ಎಂದರೆ ಕೆಂಪು. ಪಾಲಿನೇಷ್ಯಾದ ಉದ್ದಗಲಕ್ಕೂ ಕೆಂಪು ದೇವರ ಬಣ್ಣ, ದೇವರ ವಂಶದವರೆಂದು ಎಣಿಸಿಕೊಂಡ ಒಡೆಯರ ಬಣ್ಣ. ಹವಾಯಿಯಲ್ಲಿ ಆ ಒಡೆಯರಿಗೆ ಅಲಿಇ ಎನ್ನುತ್ತಿದ್ದರು. ಗರಿಯ ಹೊದಿಕೆ ತೊಡುವ ಹಕ್ಕು ಅವರದು ಮಾತ್ರ. ಯುದ್ಧಕ್ಕೆ ಹೋಗುವಾಗಲೂ ದೊಡ್ಡ ಆಚರಣೆಗಳಲ್ಲೂ ಅದನ್ನು ಹೊದ್ದುಕೊಳ್ಳುತ್ತಿದ್ದರು. ಸೋತ ಒಡೆಯನ ಹೊದಿಕೆ ಗೆದ್ದವನ ಪಾಲಾಗುತ್ತಿತ್ತು. 1782ರ ಮೊಕುಓಹಾಯ್ ಕಾಳಗದಲ್ಲಿ ಒಡೆಯ ಕಿವಲಓ ಸತ್ತಾಗ ಅವನ ಹೊದಿಕೆ ಗೆದ್ದ ಕಮೆಹಮೆಹನ ಕೈಸೇರಿತು. ಈಗ ಅದು ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿದೆ. ಯುದ್ಧದೇವತೆ ಕೂಕಾಇಲಿಮೊಕುವಿನ ಮೂರ್ತಿಯನ್ನೂ ಹೆಣೆದ ಚೌಕಟ್ಟಿನ ಮೇಲೆ ಇದೇ ಕೆಂಪು ಗರಿ ಹೊದಿಸಿ ಮಾಡುತ್ತಿದ್ದರು. ಸುಗ್ಗಿಹಬ್ಬ ಮಕಹಿಕಿಯ ಕಾಲದಲ್ಲಿ ಪ್ರಜೆಗಳು ಕೊಡಬೇಕಾದ ತೆರಿಗೆಯಲ್ಲಿ ಗರಿಯೂ ಸೇರಿತ್ತು.

ಹೊದಿಕೆಯ ಅಡಿಪಾಯ ಗರಿಯಲ್ಲ, ನಾರು. ಒಲೊನಾ ಎಂಬುದು ಮಳೆಕಾಡಿನ ಒದ್ದೆ ಕಣಿವೆಗಳಲ್ಲಿ ಬೆಳೆಯುವ ಗಿಡ. ಮುಟ್ಟಿದರೆ ತುರಿಸುವ ಗಿಡಗಳ ಕುಟುಂಬಕ್ಕೇ ಸೇರಿದ್ದಾದರೂ ಇದಕ್ಕೆ ತುರಿಸುವ ರೋಮವಿಲ್ಲ. ನೆಟ್ಟಗೆ ಬೆಳೆದ ಕಡ್ಡಿಗಳನ್ನು ಕೊಯ್ದು, ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ ಸುಲಿದು, ಕಿರಿದಾದ ಉದ್ದನೆಯ ಹಲಗೆಯ ಮೇಲೆ ಹಾಸಿ, ಆಮೆಯ ಚಿಪ್ಪಿನಿಂದಲೋ ಮೂಳೆಯಿಂದಲೋ ಹೆರೆಯುತ್ತಾರೆ. ತಿರುಳು, ಹಸಿರು ಎಲ್ಲ ಹೋಗಿ ಬರೀ ನಾರು ಉಳಿಯಬೇಕು. ಒಣಗಿದ ನಾರನ್ನು ತೊಡೆಯ ಮೇಲೆ ಹೊಸೆದರೆ ದಾರ ಸಿದ್ಧ. ತೆಳ್ಳಗಿದ್ದೂ ಎಳೆದರೆ ಹರಿಯದ, ನೀರಿಗೆ ಬೇಗ ಕೊಳೆಯದ ನಾರು ಅದು. ಮೀನುಬಲೆಗೂ ಗಾಳದ ದಾರಕ್ಕೂ ಹವಾಯಿಯವರು ನೆಚ್ಚಿದ್ದು ಇದನ್ನೇ. ಈ ದಾರದಿಂದ ಸಣ್ಣ ಕಣ್ಣಿನ ಬಲೆ ಹೆಣೆದು, ತುಂಡುಗಳನ್ನು ಭುಜದ ಆಕಾರಕ್ಕೆ ಜೋಡಿಸುತ್ತಿದ್ದರು.

ಗರಿ ಕಟ್ಟುವುದು ಆಮೇಲಿನ ಕೆಲಸ. ಒಂದೊಂದೇ ಗರಿ ಕಟ್ಟುವುದಿಲ್ಲ. ಒಂದೇ ಅಳತೆಯ ಕೆಲವು ಗರಿಗಳನ್ನು ಸೇರಿಸಿ, ಬುಡಕ್ಕೆ ಸಣ್ಣ ಒಲೊನಾ ಎಳೆ ಸುತ್ತಿ ಪುಟ್ಟ ಕಟ್ಟು ಮಾಡಿ, ಆ ಕಟ್ಟನ್ನು ಬಲೆಯ ಗಂಟಿಗೆ ಬಿಗಿಯುತ್ತಾರೆ. ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮನೆಗೆ ಹೆಂಚು ಹೊದಿಸುವ ಕ್ರಮವೇ ಇದು: ಮೇಲಿನ ಸಾಲು ಕೆಳಗಿನ ಸಾಲಿನ ಬುಡವನ್ನು ಮುಚ್ಚುತ್ತಾ ಹೋಗುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಾದರೆ ಬಲೆ ಇಣುಕುತ್ತದೆ, ಕಡಿಮೆಯಾದರೆ ಹೊದಿಕೆ ಭಾರವಾಗಿ ಗರಿ ನಿಮಿರಿ ನಿಲ್ಲುತ್ತದೆ. ಸರಿಯಾದ ಕೆಲಸ ಮುಟ್ಟಿದರೆ ಮಖಮಲ್ಲಿನ ಹಾಗಿರುತ್ತದೆ. ಜೊತೆಗೆ ತೊಡುವ ಮಹಿಓಲೆ ಎಂಬ ಶಿರಸ್ತ್ರಾಣದ ಬುಟ್ಟಿ ಹೆಣೆಯುವುದು ಇಎಇಎ ಬಳ್ಳಿಯ ಬಿಳಲಿನಿಂದ. ಆ ಬಳ್ಳಿ ನಮ್ಮ ಕೇದಗೆಯ ಕುಟುಂಬದ್ದು.

ಗರಿ ತರುವವರು ಕಿಆ ಮನು ಎಂಬ ಹಕ್ಕಿ ಹಿಡಿಯುವವರು. ಹೂವಿನ ಕಾಲ ಯಾವ ಬೆಟ್ಟದಲ್ಲಿ ಯಾವಾಗ, ಹಕ್ಕಿ ಗರಿ ಬದಲಿಸುವುದು ಯಾವಾಗ ಎಂದು ಅರಿತು ತಿಂಗಳುಗಟ್ಟಲೆ ಕಾಡಿನಲ್ಲೇ ಉಳಿಯುವವರು. ಪಾಪಲ ಕೇಪೌ ಎಂಬ ಮರದ ಅಂಟು, ಇಲ್ಲವೇ ಕರಾವಳಿಯಲ್ಲಿ ನಾವು ಜೀಗುಜ್ಜೆ ಎನ್ನುವ ಮರದ ಹಾಲನ್ನು ಗಟ್ಟಿ ಮಾಡಿ ಕೊಂಬೆಗೆ ಸವರುತ್ತಿದ್ದರು. ಹಲಸಿನ ಮೇಣ ಕೈಗೆ ಹತ್ತಿಸಿಕೊಂಡವರಿಗೆ ಅದರ ಹಿಡಿತ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಅಂಟಿನ ಪಕ್ಕ ಹೂಗೊಂಚಲು ಸಿಕ್ಕಿಸಿ, ಮರೆಯಲ್ಲಿ ಕೂತು ಹಕ್ಕಿಯ ದನಿಯಲ್ಲೇ ಕೂಗಿ ಕರೆಯುತ್ತಿದ್ದರು.

ಕೆಂಪು ಗರಿಗೂ ಹಳದಿ ಗರಿಗೂ ಇಲ್ಲಿ ವ್ಯತ್ಯಾಸವಿದೆ. ಹಳದಿ ಬರುತ್ತಿದ್ದುದು ಓಓ ಮತ್ತು ಮಮೊ ಎಂಬ ಕಪ್ಪು ಹಕ್ಕಿಗಳ ಮೈಮೇಲಿನ ಸಣ್ಣ ಜೊಂಪೆಗಳಿಂದ. ಹಕ್ಕಿಗೆ ಕೆಲವೇ ಗರಿ, ಅದರಿಂದಲೇ ಹಳದಿಗೆ ಬೆಲೆ ಹೆಚ್ಚು. ಆ ಗರಿ ಕಿತ್ತು ಹಕ್ಕಿಯನ್ನು ಹಾರಲು ಬಿಡುತ್ತಿದ್ದರೆಂದು ಹೇಳುತ್ತಾರೆ. ಎಲ್ಲ ಸಂದರ್ಭದಲ್ಲೂ ಹಾಗೆ ನಡೆಯಿತೆಂದು ನಂಬುವುದು ಕಷ್ಟ. ಇಇವಿಯ ವಿಷಯದಲ್ಲಿ ಅಂಥ ಪ್ರಶ್ನೆಯೇ ಇಲ್ಲ. ಮೈತುಂಬ ಬೇಕಾದ ಗರಿಯೇ ಇರುವಾಗ ಪೂರ್ತಿ ಕಿತ್ತ ಹಕ್ಕಿ ಬದುಕುವುದಿಲ್ಲ. ಅದನ್ನು ಕೊಂದು ಗರಿ ತೆಗೆದು ಮಾಂಸ ತಿನ್ನುತ್ತಿದ್ದರು.

1778ರ ಜನವರಿಯಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗುಗಳು ಕಾವಾಯಿ ದ್ವೀಪ ಮುಟ್ಟಿದಾಗ ದ್ವೀಪದವರು ಮಾರಲು ತಂದ ಸಾಮಾನುಗಳಲ್ಲಿ ಈ ಕೆಂಪು ಹಕ್ಕಿಯ ಚರ್ಮಗಳೂ ಇದ್ದವು. ಇಪ್ಪತ್ತು, ಇಪ್ಪತ್ತಕ್ಕೂ ಹೆಚ್ಚು ಚರ್ಮಗಳನ್ನು ಮೂಗಿನ ಹೊಳ್ಳೆಯಲ್ಲಿ ಕಡ್ಡಿ ತೂರಿಸಿ ಒಂದು ಕಟ್ಟು ಮಾಡಿದ್ದರು. ಮಾರನೆಯ ವರ್ಷ, 1779ರ ಜನವರಿ 26ರಂದು, ದ್ವೀಪಗಳಲ್ಲೆಲ್ಲ ದೊಡ್ಡದಾದ, ಹವಾಯಿ ಎಂದೇ ಹೆಸರಿರುವ ದ್ವೀಪದ ಕೆಅಲಕೆಕುಆ ಕೊಲ್ಲಿಯಲ್ಲಿ ಅರಸ ಕಲನಿಓಪುಉ ತಾನು ಹೊದ್ದಿದ್ದ ಅಹು ಉಲಾವನ್ನು ತೆಗೆದು ಕುಕ್‌ನ ಹೆಗಲಿಗೆ ಹಾಕಿದ, ತನ್ನ ಮಹಿಓಲೆಯನ್ನು ಅವನ ತಲೆಗಿಟ್ಟ. ಮೂರು ವಾರ ಕಳೆಯುವುದರೊಳಗೆ ಅದೇ ಕೊಲ್ಲಿಯಲ್ಲಿ ಕುಕ್ ಹತನಾದ. ಹೊದಿಕೆ ಇಂಗ್ಲೆಂಡಿಗೆ ಹೋಯಿತು, ಕೈಬದಲಾಯಿಸುತ್ತಾ 1912ರಲ್ಲಿ ನ್ಯೂಜಿಲೆಂಡಿನ ರಾಷ್ಟ್ರೀಯ ಸಂಗ್ರಹಾಲಯ ಸೇರಿತು. ಸುಮಾರು 20,000 ಹಕ್ಕಿಗಳ ಅಂದಾಜು 40 ಲಕ್ಷ ಗರಿ ಅದರಲ್ಲಿದೆ ಎಂಬುದು ಸಂಗ್ರಹಾಲಯದವರ ಲೆಕ್ಕ. 2016ರ ಮಾರ್ಚ್‌ನಲ್ಲಿ ಅದು ದೀರ್ಘಾವಧಿ ಎರವಲಾಗಿ ಹವಾಯಿಗೆ ಮರಳಿತು, 2020ರಲ್ಲಿ ಶಾಶ್ವತವಾಗಿ ಅಲ್ಲೇ ಉಳಿಯಿತು. 237 ವರ್ಷದ ಬಳಿಕ ಬಂದ ಆ ಹೊದಿಕೆಯನ್ನು ಹವಾಯಿಯ ಜನ ತಮ್ಮ ಹಿರಿಯನೊಬ್ಬ ಮನೆಗೆ ಬಂದಂತೆ ಮಂತ್ರಗೀತೆ ಹಾಡಿ ಬರಮಾಡಿಕೊಂಡರು. ಬಣ್ಣ ಇನ್ನೂ ಮಾಸಿಲ್ಲ.

ಇಷ್ಟು ಗರಿ ಕಿತ್ತಿದ್ದರಿಂದಲೇ ಇಇವಿ ಕಡಿಮೆಯಾಯಿತು ಎಂದು ಹಲವರು ತಿಳಿದಿದ್ದಾರೆ. ಆ ಲೆಕ್ಕ ತಾಳೆಯಾಗುವುದಿಲ್ಲ. ಗರಿ ಹೊದಿಕೆಯ ಕಾಲ ಮುಗಿದು ದಶಕಗಳಾದ ಮೇಲೆ, 19ನೇ ಶತಮಾನದ ಕೊನೆಯಲ್ಲಿ ಕಾಡು ಸುತ್ತಿದ ಪಕ್ಷಿತಜ್ಞರೂ ಇಇವಿ ಹೇರಳವಾಗಿದೆ ಎಂದೇ ಬರೆದಿದ್ದಾರೆ. ಕುಸಿತ ಶುರುವಾದದ್ದು ಆಮೇಲೆ, ತಗ್ಗಿನ ಕಾಡಿನಿಂದ.

ಕಿವಿಯಲ್ಲಿ ಹಾಡುವ ಹುಳು

ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ವೆಲ್ಲಿಂಗ್ಟನ್ ಎಂಬ ಹಡಗು ಮೆಕ್ಸಿಕೊ ಕಡೆಯಿಂದ ಮಾವಿ ದ್ವೀಪದ ಲಹೈನಾಕ್ಕೆ ಬಂದಾಗ ನಾವಿಕರು ಪೀಪಾಯಿಯ ಹಳೆ ನೀರನ್ನು ಹೊಳೆಗೆ ಚೆಲ್ಲಿ ಹೊಸ ನೀರು ತುಂಬಿಕೊಂಡರು. ಆ ನೀರಿನಲ್ಲಿ ಸೊಳ್ಳೆಯ ಲಾರ್ವಾ ಇದ್ದವು ಎಂಬುದು ಪ್ರಚಲಿತ ವಿವರಣೆ. ಕಿವಿಯ ಹತ್ತಿರ ಹಾಡುವ ಹೊಸ ಹುಳುವೊಂದು ಬಂದಿದೆಯೆಂದು ಊರವರು ಹೇಳಿಕೊಂಡರಂತೆ. ಹಾಗೆ ಬಂದ ಸೊಳ್ಳೆ ನಮಗೆ ಚೆನ್ನಾಗಿ ಗೊತ್ತಿರುವುದೇ: ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್. ನಮ್ಮ ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟಿ, ರಾತ್ರಿ ಮನೆಯೊಳಗೆ ಗುಂಯ್‌ಗುಟ್ಟಿ, ಆನೆಕಾಲು ರೋಗ ಹರಡುವ ಸೊಳ್ಳೆ.

ಸೊಳ್ಳೆಯೊಂದೇ ಇದ್ದಿದ್ದರೆ ಕಚ್ಚಿ ಹೋಗುತ್ತಿತ್ತು. ಮುಂದಿನ ನೂರು ವರ್ಷಗಳಲ್ಲಿ ಹೊರಗಿನಿಂದ ತಂದ ಕೋಳಿ ಮತ್ತು ಪಂಜರದ ಹಕ್ಕಿಗಳೊಂದಿಗೆ ಎರಡು ರೋಗಗಳು ಬಂದವು: ಹಕ್ಕಿಸಿಡುಬು ಮತ್ತು ಹಕ್ಕಿಮಲೇರಿಯಾ. ಮಲೇರಿಯಾದ ಪರಾವಲಂಬಿ ಪ್ಲಾಸ್ಮೋಡಿಯಂ ರೆಲಿಕ್ಟಂ. ಮನುಷ್ಯರಿಗೆ ಇದು ತಗಲುವುದಿಲ್ಲ. ಸೊಳ್ಳೆ ಕಚ್ಚಿದಾಗ ಹಕ್ಕಿಯ ಮೈ ಸೇರಿ, ಕೆಂಪು ರಕ್ತಕಣಗಳೊಳಗೆ ಹೊಕ್ಕು, ಅವುಗಳನ್ನು ಒಡೆಯುತ್ತಾ ಹೆಚ್ಚುತ್ತದೆ. ಹಕ್ಕಿಗೆ ರಕ್ತಹೀನತೆ, ಮೇವು ಬಿಡುತ್ತದೆ, ಎದೆಯ ಮಾಂಸ ಕರಗುತ್ತದೆ, ಕೆಲವು ವಾರಗಳಲ್ಲಿ ಸಾಯುತ್ತದೆ. ಬೇರೆ ಖಂಡಗಳ ಹಕ್ಕಿಗಳು ಲಕ್ಷಾಂತರ ವರ್ಷ ಈ ರೋಗದ ಜೊತೆಗೇ ಬಾಳಿ ತಡೆಯುವ ಶಕ್ತಿ ಪಡೆದಿವೆ. ಹವಾಯಿಯ ಹಕ್ಕಿಗಳ ವಂಶವೇ ಅದನ್ನು ಕಂಡಿರಲಿಲ್ಲ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೋಂಕಿನ ಒಂದೇ ಒಂದು ಸೊಳ್ಳೆಯಿಂದ ಕಚ್ಚಿಸಿಕೊಂಡ ಇಇವಿಗಳಲ್ಲಿ ಶೇ 90ರಷ್ಟು ಸತ್ತವು. ಈ ಒಂದು ಅಂಕಿ ಮಿಕ್ಕೆಲ್ಲವನ್ನೂ ವಿವರಿಸುತ್ತದೆ.

ಹಾಗಾದರೆ ಬೆಟ್ಟದ ಮೇಲೆ ಏಕೆ ಉಳಿದವು? ತಂಪಿನಿಂದ. ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿ ಬಲಿತು ಜೊಲ್ಲುಗ್ರಂಥಿ ಸೇರಿದ ಮೇಲೆಯೇ ಅದು ಇನ್ನೊಂದು ಹಕ್ಕಿಗೆ ದಾಟಲು ಸಾಧ್ಯ. ಬಲಿಯುವ ವೇಗ ಸುತ್ತಲಿನ ತಾಪಮಾನವನ್ನು ಅವಲಂಬಿಸಿದೆ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬಲಿಯುವುದೇ ಇಲ್ಲ. 13ರಿಂದ 17 ಡಿಗ್ರಿಯ ನಡುವೆ ಎಷ್ಟು ನಿಧಾನವೆಂದರೆ ಪರಾವಲಂಬಿ ಬಲಿಯುವ ಮೊದಲೇ ಹೆಚ್ಚಿನ ಸೊಳ್ಳೆಗಳ ಆಯುಸ್ಸು ಮುಗಿದಿರುತ್ತದೆ. ಅಲ್ಲಿ ರೋಗ ವರ್ಷದ ಬೆಚ್ಚಗಿನ ತಿಂಗಳುಗಳಿಗೆ ಸೀಮಿತ. ಹವಾಯಿಯ ಬೆಟ್ಟಗಳಲ್ಲಿ ಸುಮಾರು 1,500 ಮೀಟರ್ ಮೇಲೆ ಈ ತಂಪಿನ ಪಟ್ಟಿ ಶುರುವಾಗುತ್ತದೆ. ಇಇವಿ ಉಳಿದಿರುವ ಗೆರೆಯೂ ಅದೇ. ಆದರೆ ಮೇಲೆ ಹೂವು ಮುಗಿದು ಕೆಳಗೆ ಓಹಿಆ ಅರಳಿದಾಗ ಹಕ್ಕಿ ಆ ಗೆರೆ ದಾಟಿ ಕೆಳಗಿಳಿಯುತ್ತದೆ. ಯಾವ ಅಭ್ಯಾಸ ಅದನ್ನು ಸಾಕಿತೋ ಅದೇ ಈಗ ಸಾವಿನ ಬಾಯಿಗೆ ಒಯ್ಯುತ್ತಿದೆ.

ಅದೇ ಬಳಗದ ಅಮಕಿಹಿ ಎಂಬ ಹಕ್ಕಿ ತಗ್ಗಿನ ಕಾಡಿನಲ್ಲೂ ಬದುಕುತ್ತಿದೆ. ಕೆಲವು ಜಾಗಗಳಲ್ಲಿ ಅದಕ್ಕೆ ರೋಗ ತಾಳಿಕೊಳ್ಳುವ ಗುಣ ಬಂದಿದೆ. ಇಇವಿಗೂ ಬರಬಹುದಲ್ಲ ಎಂದು ಕೇಳುವವರಿದ್ದಾರೆ. ತಾಳಿಕೊಳ್ಳುವ ಗುಣ ಹರಡಬೇಕಾದರೆ ರೋಗವಿರುವ ಜಾಗದಲ್ಲೇ ಬದುಕುಳಿದ ಹಕ್ಕಿಗಳು ಸೇರಿ ಮರಿ ಮಾಡಬೇಕು. ಕಚ್ಚಿಸಿಕೊಂಡ ಹತ್ತರಲ್ಲಿ ಒಂಬತ್ತು ಸತ್ತರೆ ಉಳಿದ ಒಂದಕ್ಕೆ ಜೋಡಿ ಸಿಗುವುದೇ ಕಷ್ಟ. ಮೇಲಿನಿಂದ ಹಾರಿಬರುವ ಹಕ್ಕಿಗಳಲ್ಲಿ ಆ ಗುಣ ಇರುವುದಿಲ್ಲ.

ಅತ್ತ ದರಿ, ಇತ್ತ ಪುಲಿ

ಎತ್ತರ 100 ಮೀಟರ್ ಏರಿದರೆ ತಾಪಮಾನ ಸರಿಸುಮಾರು 0.65 ಡಿಗ್ರಿ ಇಳಿಯುತ್ತದೆ. ತಿರುಗಿಸಿ ಹೇಳಿದರೆ, ಹವೆ ಒಂದು ಡಿಗ್ರಿ ಬಿಸಿಯಾದರೆ ಸೊಳ್ಳೆಯ ಗೆರೆ 150 ಮೀಟರ್‌ನಷ್ಟು ಮೇಲಕ್ಕೆ ಜರುಗುತ್ತದೆ. ಹಕ್ಕಿಯೂ ಮೇಲಕ್ಕೆ ಹೋಗಲಿ ಎನ್ನೋಣವೆಂದರೆ ಮೇಲೆ ಕಾಡಿಲ್ಲ. ಸುಮಾರು 2,000 ಮೀಟರ್ ಹತ್ತಿರ ಮೋಡದ ಪದರ ಮುಗಿದು ಮಳೆ ಕಡಿಮೆಯಾಗುತ್ತದೆ. ಅದಕ್ಕಿಂತ ತುಸು ಕೆಳಗೆ ಕಾಡಿದ್ದ ಎಷ್ಟೋ ಜಾಗ ನೂರೈವತ್ತು ವರ್ಷಗಳ ದನ ಮೇಯಿಸುವಿಕೆಯಿಂದ ಹುಲ್ಲುಗಾವಲಾಗಿದೆ.

ಕಾವಾಯಿ ದ್ವೀಪದಲ್ಲಿ ಈ ಅಡಕತ್ತರಿ ಈಗಾಗಲೇ ಮುಚ್ಚುತ್ತಿದೆ. ಅಲ್ಲಿನ ಅತಿ ಎತ್ತರದ ಶಿಖರ ಕವೈಕಿನಿ 1,598 ಮೀಟರ್, ನಮ್ಮ ಕುದುರೆಮುಖಕ್ಕಿಂತ ಗಿಡ್ಡ. ಅಲಕಾಯ್ ಪ್ರಸ್ಥಭೂಮಿಯ ಕಾಡಿಗೆಲ್ಲ ಈಗ ಸೊಳ್ಳೆ ತಲುಪಿದೆ. 2017ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಇಇವಿಯನ್ನು ಅಪಾಯದಂಚಿನ ಜಾತಿಗಳ ಪಟ್ಟಿಗೆ ಸೇರಿಸಿದಾಗ ಒಟ್ಟು ಸಂಖ್ಯೆಯ ಅಂದಾಜು 6 ಲಕ್ಷ. ಕಾವಾಯಿಯಲ್ಲಿದ್ದದ್ದು ಅದರಲ್ಲಿ 2,500 ಮಾತ್ರ. ಶೇ 90ರಷ್ಟು ಹಕ್ಕಿಗಳು ಹವಾಯಿ ದ್ವೀಪವೊಂದರಲ್ಲೇ, ಉಳಿದವು ಹೆಚ್ಚಾಗಿ ಮಾವಿಯಲ್ಲಿ. ಓಅಹು ಮತ್ತು ಮೊಲೊಕಾಯಿಯಲ್ಲಿ ಬೆರಳೆಣಿಕೆಯಷ್ಟು. ಲನಾಯಿ ದ್ವೀಪದಿಂದ 1929ರ ಹೊತ್ತಿಗೇ ಮರೆಯಾಗಿತ್ತು. ಆರು ಲಕ್ಷ ಎಂಬ ಸಂಖ್ಯೆ ದೊಡ್ಡದಾಗಿ ಕೇಳಿಸುತ್ತದೆ. ಒಂದೇ ದ್ವೀಪದ ಒಂದು ಎತ್ತರದ ಪಟ್ಟಿಯಲ್ಲಿ ಎಲ್ಲವೂ ಸೇರಿಕೊಂಡಿರುವಾಗ ಆ ಸಂಖ್ಯೆ ಕೊಡುವ ಧೈರ್ಯ ಅಷ್ಟಕ್ಕಷ್ಟೆ.

ಕಾಡಿನ ಒಳಗೂ ಸೊಳ್ಳೆಗೆ ಮನೆ ಕಟ್ಟಿಕೊಡುವ ಪ್ರಾಣಿಯಿದೆ: ಕಾಡುಬಿದ್ದ ಹಂದಿ. ಹಾಪುಉ ಎಂಬ ಮರಜರೀಗಿಡದ ಕಾಂಡದೊಳಗೆ ಪಿಷ್ಟ ತುಂಬಿದ ತಿರುಳಿದೆ. ಹಂದಿ ಕಾಂಡವನ್ನು ಬೀಳಿಸಿ, ಸೀಳಿ, ತಿರುಳು ತಿಂದು ಹೋಗುತ್ತದೆ. ಉಳಿದ ದೋಣಿಯಂಥ ಟೊಳ್ಳಿನಲ್ಲಿ ಮಳೆನೀರು ನಿಲ್ಲುತ್ತದೆ, ಎಲೆ ಬಿದ್ದು ಕೊಳೆಯುತ್ತದೆ. ಕ್ಯೂಲೆಕ್ಸ್‌ಗೆ ಬೇಕಾದ್ದು ಅಂಥದೇ ನೀರು. ಹೆಣ್ಣು ಸೊಳ್ಳೆ ಒಂದು ಸಲಕ್ಕೆ ನೂರು, ಇನ್ನೂರು ಮೊಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ ತೆಪ್ಪದಂತೆ ತೇಲಿಬಿಡುತ್ತದೆ. ಹಾಗಾಗಿ ಕಾಡಿಗೆ ಬೇಲಿ ಹಾಕಿ ಒಳಗಿನ ಹಂದಿಗಳನ್ನು ಪೂರ್ತಿ ತೆಗೆಯುವುದು ಹಕ್ಕಿ ಉಳಿಸುವ ಕೆಲಸದ ಮೊದಲ ಹೆಜ್ಜೆ. ಬೇಲಿ ಹಾಕಿದರೆ ಮುಗಿಯಲಿಲ್ಲ. ಗಾಳಿಮಳೆಗೆ ಮರ ಬಿದ್ದು ಒಂದು ಕಡೆ ತಂತಿ ಮಲಗಿದರೂ ಹಂದಿ ಒಳಗೆ. ಒಂದೆರಡು ನುಗ್ಗಿದರೂ ಕೆಲವೇ ವರ್ಷಗಳಲ್ಲಿ ಮೊದಲಿನಷ್ಟಾಗುತ್ತವೆ. ಪ್ರತಿ ಬಿರುಗಾಳಿಯ ನಂತರ ಬೇಲಿಯ ಉದ್ದಕ್ಕೂ ನಡೆದು ನೋಡಲೇಬೇಕು.

ಕಾಡನ್ನು ಮೇಲಕ್ಕೆ ಬೆಳೆಸುವ ಕೆಲಸ ಮೌನಾ ಕೆಆ ಬೆಟ್ಟದ ಇಳಿಜಾರಿನ ಹಕಲೌ ಅರಣ್ಯಧಾಮದಲ್ಲಿ ನಡೆಯುತ್ತಿದೆ. 1985ರಲ್ಲಿ ಕಾಡಿನ ಹಕ್ಕಿಗಳಿಗೆಂದೇ ಮಾಡಿದ ಧಾಮವದು. ಬಯಲು ಹುಲ್ಲುಗಾವಲಿನಲ್ಲಿ ನೇರವಾಗಿ ಓಹಿಆ ನೆಟ್ಟರೆ ರಾತ್ರಿಯ ಹಿಮಕ್ಕೆ ಎಳೆಸಸಿ ಸುಟ್ಟುಹೋಗುತ್ತದೆ. ಆದ್ದರಿಂದ ಮೊದಲು ಬೇಗ ಬೆಳೆಯುವ ಕೋಆ ಮರಗಳ ಸಾಲು, ಅವು ಮೇಲೆದ್ದು ನೆರಳು ಕೊಟ್ಟ ಮೇಲೆ ಅಡಿಯಲ್ಲಿ ಓಹಿಆ. ಕೋಆದ ಕೆಳಗೂ ಕಿಕುಯು ಎಂಬ ಹೊರನಾಡಿನ ಹುಲ್ಲು ಗಾದಿಯಂತೆ ದಟ್ಟವಾಗಿ ಹಬ್ಬಿರುವುದರಿಂದ ಬಿದ್ದ ಬೀಜ ತಾನಾಗಿ ಮೊಳೆಯುವುದು ಕಷ್ಟ. ಕೈಯಿಂದಲೇ ನೆಡಬೇಕು.

ಗಂಡು ಸೊಳ್ಳೆಯನ್ನೇ ಬಿಡುವ ಉಪಾಯ

ಇಷ್ಟು ದೊಡ್ಡ, ಕಡಿದಾದ ಕಾಡಿನಲ್ಲಿ ಕೀಟನಾಶಕ ಸಿಂಪಡಿಸಿ ಸೊಳ್ಳೆ ಕೊಲ್ಲುವುದು ಆಗದ ಮಾತು. ಸಿಂಪಡಿಸಿದರೆ ಹಕ್ಕಿಗೆ ಬೇಕಾದ ಹುಳುಗಳೂ ಸಾಯುತ್ತವೆ. ಈಗ ನಡೆಯುತ್ತಿರುವುದು ಬೇರೆ ದಾರಿ. ಕ್ಯೂಲೆಕ್ಸ್ ಸೊಳ್ಳೆಯ ಜೀವಕೋಶಗಳೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ. ಅದರಲ್ಲಿ ಹಲವು ತಳಿಗಳಿವೆ. ಗಂಡಿನಲ್ಲಿ ಒಂದು ತಳಿ, ಹೆಣ್ಣಿನಲ್ಲಿ ಹೊಂದದ ಇನ್ನೊಂದು ತಳಿ ಇದ್ದರೆ ಅವು ಕೂಡಿದರೂ ಮೊಟ್ಟೆ ಒಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ಬೇರೆ ತಳಿಯ ವೊಲ್ಬಾಕಿಯಾ ಇರುವ ಸೊಳ್ಳೆ ಸಾಕಿ, ಗಂಡುಗಳನ್ನು ಮಾತ್ರ ಬೇರ್ಪಡಿಸಿ ಕಾಡಿಗೆ ಬಿಡುತ್ತಾರೆ. ಗಂಡು ಸೊಳ್ಳೆ ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಅದರ ಜೊತೆ ಕೂಡಿದ ಕಾಡಿನ ಹೆಣ್ಣು ಇಡುವ ಮೊಟ್ಟೆಯೆಲ್ಲ ಬರಡು. ಸೊಳ್ಳೆಯ ವಂಶವಾಹಿಯಲ್ಲಿ ಏನನ್ನೂ ಬದಲಿಸುವುದಿಲ್ಲ.

ಮಾವಿಯಲ್ಲಿ 2023ರ ನವೆಂಬರಿನಲ್ಲಿ ಹೆಲಿಕಾಪ್ಟರ್‌ನಿಂದ ಇದು ಶುರುವಾಯಿತು, ಆಮೇಲೆ ಕಾವಾಯಿಗೂ ಬಂತು, ಡ್ರೋನ್‌ಗಳೂ ಸೇರಿಕೊಂಡವು. ಮಣ್ಣಿನಲ್ಲಿ ಕರಗುವ ಸಣ್ಣ ಡಬ್ಬಿಗಳಲ್ಲಿ ಸೊಳ್ಳೆ ತುಂಬಿ ಮರಗಳ ಮೇಲೆ ಬೀಳಿಸುತ್ತಾರೆ. ಕೆಡಬಹುದಾದ ಜಾಗಗಳು ಎರಡು. ಕಾಡಿನ ಗಂಡುಗಳಿಗಿಂತ ಬಿಟ್ಟ ಗಂಡುಗಳು ಹಲವು ಪಟ್ಟು ಹೆಚ್ಚಿರಬೇಕು, ಇಲ್ಲವಾದರೆ ಹೆಣ್ಣುಗಳು ಕಾಡಿನ ಗಂಡುಗಳನ್ನೇ ಕೂಡುತ್ತವೆ. ಮಂಜು ಮುಸುಕಿ ಹಾರಾಟ ನಿಂತ ವಾರಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಎರಡನೆಯದು ಬೇರ್ಪಡಿಸುವಾಗ ಹೆಣ್ಣು ಬೆರೆತುಹೋಗುವುದು. ಹೊಸ ತಳಿಯ ಹೆಣ್ಣುಗಳೂ ಕಾಡು ಸೇರಿದರೆ ಅವೇ ಬೇರೂರಿ, ಬಿಟ್ಟ ಗಂಡುಗಳಿಗೆ ಹೊಂದುವ ಜೋಡಿಗಳಾಗಿ, ಉಪಾಯವೇ ವ್ಯರ್ಥವಾಗುತ್ತದೆ. ತಗ್ಗಿನಿಂದ ಸೊಳ್ಳೆ ಮತ್ತೆ ಮತ್ತೆ ಏರಿ ಬರುವುದರಿಂದ ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವೂ ಇದಲ್ಲ.

ಇನ್ನೊಂದು ಕಡೆ ಓಹಿಆಕ್ಕೇ ರೋಗ ಬಂದಿದೆ. 2014ರಲ್ಲಿ ಗುರುತಿಸಿದ ಸೆರಟೊಸಿಸ್ಟಿಸ್ ಶಿಲೀಂಧ್ರ ಗಾಯದ ಮೂಲಕ ಮರ ಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಹಸಿರಾಗಿದ್ದ ಇಡೀ ತಲೆ ಕೆಲವೇ ದಿನ, ವಾರಗಳಲ್ಲಿ ಕಂದಾಗುತ್ತದೆ. ಮಣ್ಣಿನಲ್ಲೂ ಮರದ ಹುಡಿಯಲ್ಲೂ ಉಳಿದು ಬೂಟಿನ ಅಡಿಗಂಟಿ ದ್ವೀಪದಿಂದ ದ್ವೀಪಕ್ಕೆ ಹೋಗಬಲ್ಲದು. ಅದಕ್ಕೇ ಹವಾಯಿಯ ಕಾಡುದಾರಿಗಳ ಬಾಯಲ್ಲಿ ಬ್ರಷ್ ಮತ್ತು ಸ್ಪ್ರೇ ಬಾಟಲಿ ಇಟ್ಟಿರುತ್ತಾರೆ. ಮೊದಲು ಬ್ರಷ್‌ನಿಂದ ಮಣ್ಣೆಲ್ಲ ಉಜ್ಜಿ ತೆಗೆಯಬೇಕು, ಆಮೇಲೆ ಶೇ 70ರ ಆಲ್ಕೋಹಾಲ್ ಸಿಂಪಡಿಸಬೇಕು. ಮಣ್ಣಿನ ಮೇಲೆಯೇ ಸಿಂಪಡಿಸಿದರೆ ಒಳಗಿನ ಶಿಲೀಂಧ್ರಕ್ಕೆ ಅದು ತಾಗುವುದಿಲ್ಲ. ಒಳಗೆ ಹೋಗುವಾಗಲೂ ಹೊರಗೆ ಬಂದಾಗಲೂ ಮಾಡಬೇಕು. ಮರಕ್ಕೆ ಗೀರು ಹಾಕುವುದು, ಕೊಂಬೆ ಮುರಿಯುವುದು ಸಲ್ಲದು.

ಗರಿಯ ಕಲೆ ನಿಂತಿಲ್ಲ. ಕಾಡಿನ ಹಕ್ಕಿಯ ಗರಿ ಮುಟ್ಟಲು ಕಾನೂನು ಬಿಡುವುದಿಲ್ಲವಾದ್ದರಿಂದ ಇಂದಿನ ಕಲಾವಿದರು ಬಾತು, ಫೆಸೆಂಟ್ ಗರಿಗಳಿಗೆ ಬಣ್ಣ ಹಾಕಿ ಕೊರಳಮಾಲೆ, ಹೊದಿಕೆ ಮಾಡುತ್ತಾರೆ. ಕಟ್ಟುವ ಕ್ರಮ ಹಳೆಯದೇ.

ಅತ್ತ ಹೋಗುವ ಕನ್ನಡಿಗರು ಇಇವಿ ನೋಡಬೇಕೆಂದರೆ ಸುಲಭದ ಜಾಗ ಮಾವಿಯ ಹಲೆಅಕಲಾ ರಾಷ್ಟ್ರೀಯ ಉದ್ಯಾನದ ಹಾಸ್ಮರ್ ಗ್ರೋವ್, ಸುಮಾರು 2,070 ಮೀಟರ್ ಎತ್ತರದಲ್ಲಿ. ಬೆಳಗ್ಗೆ ಬೇಗ ಹೋಗಿ, ಸ್ವೆಟರ್ ಹಾಕಿಕೊಂಡು. ಕೆಂಪಾಗಿ ಕಂಡದ್ದೆಲ್ಲ ಇಇವಿಯಲ್ಲ, ಅಪಪನೆಯೂ ಕೆಂಪು. ಅದರ ಕೊಕ್ಕು ಗಿಡ್ಡ, ಕಪ್ಪು, ಮೈಯ ಕೆಂಪು ಗಾಢ, ಬಾಲದಡಿ ಬಿಳಿ. ಹೂಬಿಟ್ಟ ಒಂದು ಮರ ಆರಿಸಿಕೊಂಡು, ಅದರ ಅಡಿಯಲ್ಲಲ್ಲ, ತುಸು ದೂರದಲ್ಲಿ ಅಲ್ಲಾಡದೆ ನಿಲ್ಲಿ. ರೆಕ್ಕೆಯ ಬುರ್ರೆಂಬ ಸದ್ದು ಮೊದಲು ಬರುತ್ತದೆ. ಆಮೇಲೆ ಅಪಪನೆಗಳು ಒಮ್ಮೆಲೇ ಚದುರುತ್ತವೆ. ಆಗ ಮರದ ತುದಿಗೆ ಕಣ್ಣು ಹಾಯಿಸಿ.